ನಡುಮನೆಯಲ್ಲಿ ತೀರಿಕೊಂಡ ಮಾಸ್ತರು

ಕೆಲವರಿಗೆ ಸಕ್ಕರೆ ರೋಗವಿರುತ್ತದೆ, ಕೆಲವರಿಗೆ ಮೂಲವ್ಯಾಧಿ. ನನಗೆ ಅಭಿಪ್ರಾಯಗಳಿವೆ. ಮೇಲೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಹತ್ತಿರ ಕೂತವರಿಗೆ ಮಾತ್ರ ತ್ರಾಸು.

ಇವುಗಳಲ್ಲೆಲ್ಲ ಹಳೆಯದು, ಯಾವ ಔಷಧಕ್ಕೂ ಬಗ್ಗದೆ ಉಳಿದದ್ದು, ಸಿನಿಮಾದ ಕುರಿತಾದದ್ದು. ಬಣ್ಣ ಬಂದ ದಿನವೇ ಸಿನಿಮಾ ಕೆಟ್ಟಿತು ಎಂಬುದು ನನ್ನ ಖಚಿತ ಮತ. ಕಪ್ಪು-ಬಿಳುಪಿನ ಕಾಲದಲ್ಲಿ ನಾಯಕನ ದುಃಖ ನೋಡಿ ಅಳುತ್ತಿದ್ದೆವು. ಈಗ ಅವನ ಬೆಲ್‌ಬಾಟಮ್ ನೋಡಿ ಅಳಬೇಕಾಗಿದೆ. ಈ ವಾಕ್ಯವನ್ನು ನಾನು ಬೈಲಹೊಂಗಲದ ಕ್ಷೌರದ ಅಂಗಡಿಯಲ್ಲಿ, ನಾನು ಹೆಡ್ ಕ್ಲಾರ್ಕ್ ಆಗಿರುವ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ, ಸವದತ್ತಿ ಬಸ್ಸಿಗೆ ಕಾಯುವವರ ನಡುವೆ ಆಡಿದ್ದೇನೆ. (ಬಸ್ಸಿಗೆ ಕಾಯುವವರು ಒಳ್ಳೆಯ ಶ್ರೋತೃಗಳು. ಎದ್ದು ಹೋಗುವಂತಿಲ್ಲ.)

ಮನೆಯಲ್ಲಿ ಮಾತ್ರ ಈ ವಾಕ್ಯ ನಡೆಯುವುದಿಲ್ಲ.

"ಊರಾಗಿನ ಹೆಣ್ಮಕ್ಕಳೆಲ್ಲಾ ಬಣ್ಣದ ಸಿನಿಮಾ ನೋಡಿ ಬಂದ್ರು," ಎಂದಳು ಒಂದು ದಿನ ನನ್ನ ಹೆಂಡತಿ ಸುಂದರಾಬಾಯಿ. "ಮಹಾಂತಪ್ಪನವರ ಹೆಂಡತಿ ತಂಗೆವ್ವ ನೋಡಿದ್ದನ್ನ ಮತ್ತ ನೋಡಿದ್ಲು. ನಾ ಮಾತ್ರ ನಿಮ್ಮ ಅಭಿಪ್ರಾಯ ಉಟಗೊಂಡು ಮನ್ಯಾಗ ಕೂಡ್ಬೇಕೇನ್ರಿ?"

"ನಂದೇನದ? ಅತ್ಯಾ ಒಪ್ಪಬೇಕಲ್ಲ!"

ಅತ್ಯಾ ಎಂದರೆ ನಮ್ಮ ತಂದೆಯ ಅಕ್ಕ ರಾಧಾಬಾಯಿ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಡಿ-ಮೈಲಿಗೆಯ ಮಟ್ಟಿಗೆ ನಮ್ಮ ಮನೆಯ ಹೈಕೋರ್ಟು. ಯಾರು ಯಾರೋ ಕೂತೆದ್ದ ಟಾಕೀಜಿನ ಖುರ್ಚಿಯ ಮೇಲೆ ಮನೆಯ ಸೊಸೆ ಕೂಡಬಾರದೆಂಬುದು ಆಕೆಯ ತೀರ್ಪು. ನನ್ನ ಅಭಿಪ್ರಾಯ ಸೋಲುವ ಹೊತ್ತಿಗೆ ನಾನು ಆ ತೀರ್ಪಿನ ಹಿಂದೆ ಅಡಗುತ್ತಿದ್ದೆ.

ಅಂದು ಅಡಗಿ ಸುಮ್ಮನಿರಬಹುದಿತ್ತು. ಆದರೆ ನನಗೊಂದು ದಿವ್ಯ ವಿಚಾರ ಹೊಳೆಯಿತು.

"ಹಿಂಗ ಮಾಡೂಣು. ಹಳೇ ಸಿನಿಮಾ ಮನಿಗೇ ತರಸ್ತೀನಿ. ಅತ್ಯಾನೂ ನೋಡ್ಲಿ, ನೀನೂ ನೋಡು. ಹಳೇದ ಛಲೋ ಅಂತ ಅತ್ಯಾ ಅಂದ್ಲಂದ್ರ ನೀ ಮತ್ತೆಂದೂ ಬಣ್ಣದ ಮಾತು ಎತ್ತಬಾರದು."

"ಅನ್ನಲಿಲ್ಲಂದ್ರ?"

"ವಾರಾ ವಾರಾ ನಾನ ಟಾಕೀಜಿಗೆ ಕರಕೊಂಡು ಹೋಗ್ತೀನಿ."

"ನೋಡ್ರಿ, ಅತ್ಯಾ ಹೇಳಿದ್ದ ಕಡೀ ಮಾತು," ಎಂದಳು ಸುಂದರಾಬಾಯಿ. ಅವಳು ಅಷ್ಟು ಬೇಗ ಒಪ್ಪಿದ್ದು ನನಗೆ ಸಂಶಯ ಹುಟ್ಟಿಸಬೇಕಿತ್ತು.

ನನ್ನ ಗೆಳೆಯ ಮಹಾಂತಪ್ಪ ಹತ್ತಿಯ ವ್ಯಾಪಾರಿ. ಅವನ ಪರಿಚಯದ ಯಮನಪ್ಪ ಎಂಬವನು ಸಣ್ಣ ಪ್ರೊಜೆಕ್ಟರು ಹೊತ್ತುಕೊಂಡು ಕಟಕೋಳ, ಮುರಗೋಡ ಎಂದು ಹಳ್ಳಿ ತಿರುಗಿ ಹಳೆಯ ಚಿತ್ರ ತೋರಿಸುತ್ತಿದ್ದ. (ಹೆಸರು ನಾನು ಇಟ್ಟದ್ದಲ್ಲ.)

"ಮನಿಯಾಗ ಸಿನಿಮಾನ?" ಎಂದು ಮಹಾಂತಪ್ಪ ನಕ್ಕ. "ರಾಯರ, ನಿಮ್ಮ ಮನಿಯಾಗ ದಿನಾ ಒಂದ ಆಟ ನಡದ ಐತಲ್ಲರಿ. ಮತ್ತೊಂದ್ಯಾಕ?"

ಆದರೂ ಯಮನಪ್ಪನನ್ನು ಗೊತ್ತು ಮಾಡಿಕೊಟ್ಟ. ಊಟಕ್ಕೆ ಹೋಳಿಗೆ ಎಂದು ಕೇಳಿ ತಾನೂ ಬಂದ.

ಭಾನುವಾರ ಮಧ್ಯಾಹ್ನ. ಆಟ ಮುಗಿದ ಮೇಲೆಯೇ ಊಟ ಎಂದು ನಾನು ಸಾರಿದ್ದೆ. ಉಂಡವರು ನಿದ್ದೆ ಮಾಡುತ್ತಾರೆ, ನಿದ್ದೆ ಮಾಡಿದವರಿಗೆ ಕಲೆ ತಿಳಿಯುವುದಿಲ್ಲ. ಕಿಟಕಿಗಳಿಗೆ ಕಂಬಳಿ ಹೊದಿಸಿದೆವು. ದೀಪಾವಳಿಗೆ ಸುಣ್ಣ ಕಂಡಿದ್ದ ನಡುಮನೆಯ ಗೋಡೆಯೇ ಪರದೆಯಾಯಿತು. ಅತ್ಯಾ ದೇವರ ಕೋಣೆಯ ಹೊಸ್ತಿಲ ಬಳಿ, ಯಂತ್ರದ ಗಾಳಿ ತಾಕದಷ್ಟು ದೂರದಲ್ಲಿ, ತನ್ನ ಮಣೆ ಹಾಕಿಕೊಂಡು ಕೂತಳು.

ಮೊದಲ ದೃಶ್ಯದಲ್ಲೇ ವಿಠ್ಠಲನ ಮೂರ್ತಿ. ನಾನು ಎಲ್ಲರಿಗೂ ಕಾಣುವಂತೆ ಎದ್ದು ನಿಂತು ಗೋಡೆಗೆ ಕೈಮುಗಿದೆ. ಅತ್ಯಾ ಗಲ್ಲ ಬಡಿದುಕೊಂಡಳು.

"ಸುರುವಾತ ಛಲೋ ಅದ ನೋಡೋ ರಘೂ."

ಮುಂದೆ ಚಿತ್ರದ ಸಾಹುಕಾರ ಬಂದ. ಬೂಟು ಮೆಟ್ಟಿ ಬಂದ.

"ಏ, ಯಾಂವೋ ಅಂವಾ? ಬೂಟ ಹಾಕ್ಕೊಂಡ ನಡಮನಿಗೆ ಬಂದನಲ್ಲೋ!"

"ಅತ್ಯಾ, ಅಂವ ನಮ್ಮ ನಡಮನ್ಯಾಗ ಇಲ್ಲ."

"ಮತ್ತ ಯಾರ ನಡಮನ್ಯಾಗ ಇದ್ದಾನ? ಗ್ವಾಡಿ ಯಾರದು?"

ಸಾಹುಕಾರ ಸಿಗರೇಟು ಹಚ್ಚಿದಾಗ ಅತ್ಯಾ ದೇವರ ಕೋಣೆಯ ಬಾಗಿಲನ್ನು ಎಳೆದುಕೊಂಡಳು. ಮಹಾಂತಪ್ಪ ಕತ್ತಲೆಯಲ್ಲಿ ಕೆಮ್ಮಿದ. ನಗುವನ್ನು ಹಾಗೆ ಮುಚ್ಚುವುದು ಅವನ ರೂಢಿ.

ಆದರೆ ಬಡ ಶಾಲಾ ಮಾಸ್ತರು ಬಂದ ಮೇಲೆ ಆ ಕೆಮ್ಮೂ ನಿಂತಿತು. ಏನು ಅಭಿನಯ! ಮಗ ಪಟ್ಟಣ ಸೇರಿದ್ದಾನೆ, ಮಗಳ ಲಗ್ನ ಮುರಿದಿದೆ, ಮಾಸ್ತರು ಹಾಸಿಗೆ ಹಿಡಿದಿದ್ದಾರೆ. ನಾನು ಗೋಡೆಯನ್ನು ಬಿಟ್ಟು ಹೆಂಡತಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಾಗಲೆಲ್ಲ ನನ್ನ ಎದೆ ಒಂದಂಗುಲ ಉಬ್ಬುತ್ತಿತ್ತು. ಮಾಸ್ತರು ನೀರು, ನೀರು ಎಂದರು.

"ಸುಂದರಾ, ನೀರು ಕೊಡ ಅಂವಗ!" ಎಂದು ಅತ್ಯಾ ಕೂಗಿದಳು.

ನೀರು ಸಿಗುವ ಮೊದಲೇ ಮಾಸ್ತರು ಕಣ್ಣು ಮುಚ್ಚಿದರು. ಅಲ್ಲಿಗೆ ಆ ರೀಲು ಮುಗಿಯಿತು. ಯಮನಪ್ಪ ಇನ್ನೊಂದನ್ನು ಏರಿಸಲು ಲೈಟು ಹಾಕಿದ. ಎಲ್ಲರ ಮುಖವೂ ತೋಯ್ದಿತ್ತು. ನನ್ನ ಜೀವನದ ಅತ್ಯಂತ ದೊಡ್ಡ ಗೆಲುವಿನ ಗಳಿಗೆ ಅದು.

ಅತ್ಯಾ ಎದ್ದು ನಿಂತಳು. "ಎಲ್ಲಾರೂ ಹೋಗಿ ತಲಿ ಮ್ಯಾಲೆ ನೀರ ಹಾಕ್ಕೋರಿ."

"ಯಾಕತ್ಯಾ?"

"ಯಾಕಂದ್ರ? ನಡಮನ್ಯಾಗ ಒಬ್ಬಾಂವ ತೀರಿಕೊಂಡಾನ. ಕಾಣಸಲಿಲ್ಲೇನು?"

"ಅತ್ಯಾ, ಅದು ಚಿತ್ರ! ಬೆಳಕು! ನೆರಳು!"

"ಚಿತ್ರ ಅಂತ ನನಗೂ ತಿಳೀತದ. ನಾ ಹುಚ್ಚಿ ಅಲ್ಲ. ವಿಠ್ಠಲನೂ ಚಿತ್ರನ ಇದ್ದ. ಅಂವಗ ಎದ್ದ ನಿಂತು ಕೈ ಮುಗದೆಲ್ಲ? ದೇವರು ಬಂದ್ರ ಖರೇ, ಹೆಣ ಬಂದ್ರ ಸುಳ್ಳೇನು?"

ನಾನು ಫ್ಯಾಕ್ಟರಿಯ ಮಾಲೀಕರ ಎದುರಿಗೇ ವಾದಿಸಿದವನು. ಆದರೆ ಇಲ್ಲಿ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ತೀರ್ಪು ಬಂತು.

"ಟಾಕೀಜಿನ್ಯಾಗ ಸತ್ರ ಟಾಕೀಜಿನಾಂವ ನೋಡ್ಕೋತಾನ," ಎಂದು ಅತ್ಯಾ ಮುಂದುವರಿಸಿದಳು. "ಮನಿಗೆ ಕರಕೊಂಡು ಬಂದಾಂವ ನೀನು. ಅಂವ ನಮ್ಮ ಗೋತ್ರದಾಂವ ಅಲ್ಲ, ಉಳದವರಿಗೆ ಸ್ನಾನ ಸಾಕು. ಸಾವಾದ ಜಾಗಾಕ್ಕ ದೀಪ ಇಡಬೇಕು, ಅದನ್ನ ನೀ ಕಾಯಬೇಕು. ಮಾಸ್ತರನ ಸ್ವಂತ ಮಗಾ, ಆ ಬಾಡ್ಯಾ, ಅಂತೂ ಬರಲಿಲ್ಲ. ಮಾಡಿದ ಅಡಗೀ ಯಾರೂ ಮುಟ್ಟಂಗಿಲ್ಲ."

ಆಗ ಮಹಾಂತಪ್ಪ ವಿನಯದಿಂದ ಕೈಜೋಡಿಸಿದ. "ಅಮ್ಮಾರ, ನಮ್ಮ ಲಿಂಗವಂತರೊಳಗ ಸೂತಕ ಅನ್ನೂದ ಇಲ್ಲರಿ. ಹಂಗಾರ ಆ ಹೋಳಿಗಿ..."

ಹೈಕೋರ್ಟು ಅಪ್ಪಣೆ ಕೊಟ್ಟಿತು. ಹೋಳಿಗೆಯ ಇಡೀ ಡಬರಿಯೇ ಅವನ ಮನೆಗೆ ಹೋಯಿತು, ತುಪ್ಪದ ತಂಬಿಗೆ ಸಹಿತ. ಯಮನಪ್ಪನೂ ಎರಡು ಕೈಯಲ್ಲಿ ಎರಡು ಹೋಳಿಗೆ ಹಿಡಿದು, ಸತ್ತ ಮನೆಯಲ್ಲಿ ಮುಂದಿನ ರೀಲು ಓಡಿಸುವುದು ಸರಿಯಲ್ಲವೆಂದು ಯಂತ್ರ ಕಟ್ಟಿಕೊಂಡು ಹೊರಟ.

ಮಾರ್ಗಶಿರದ ಚಳಿಯಲ್ಲಿ, ಬಾವಿಯ ಕಟ್ಟೆಯ ಮೇಲೆ, ಖಾಲಿ ಹೊಟ್ಟೆಯಲ್ಲಿ ನಾನು ಕೊಡ ಸುರಿದುಕೊಂಡೆ. ನಡುಗುತ್ತ ಒಳಗೆ ಬಂದರೆ ಸುಂದರಾಬಾಯಿ ಇಳಕಲ್ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದಳು.

"ಎಲ್ಲಿಗೆ?"

"ಸಂಜೀ ಆಟಕ್ಕ ರೀ. ತಂಗೆವ್ವ ಕರೀಲಿಕ್ಕೆ ಬಂದಾಳ. ಹೆಂಗಿದ್ರೂ ಒಲಿ ಹಚ್ಚಂಗಿಲ್ಲ, ಕೂತು ಏನ ಮಾಡ್ಲಿ?"

"ಅತ್ಯಾ, ಇದಕ್ಕ ಏನಂತೀ?" ಎಂದು ನಾನು ಕೋರ್ಟಿನ ಮೊರೆ ಹೋದೆ. ಕೋರ್ಟು ತನ್ನ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿತ್ತು.

"ನಾನೂ ಹೊಂಟೀನೋ. ನ್ಯಾಯ ಹೇಳು ಅಂದಿರಿ. ಒಂದ ಕಡೀದ ನೋಡಿ ಹೆಂಗ ಹೇಳ್ಲಿ? ಖುರ್ಚಿ ಮ್ಯಾಲೆ ಮಣೀ ಹಾಕ್ಕೊಂಡು ಕೂಡ್ತೀನಿ. ದೀಪ ಆರೀತು, ಜ್ವಾಕಿ."

ನಾನು ಗೋಡೆಯ ಬುಡದಲ್ಲಿ ಕೂತೆ. ಅಭಿನಯದ ಶಕ್ತಿ ಎಂಥದ್ದು ನೋಡಿ: ಒಂದೆರಡು ಸಲ ನನಗೂ ಮಾಸ್ತರ ಬಗ್ಗೆ ದುಃಖ ಉಕ್ಕಿ ಬಂತು. (ಹಸಿವೆಯೂ ಇದ್ದಿರಬಹುದು.)

ಅವರು ಮರಳಿದಾಗ ಅತ್ಯಾ ಗಂಭೀರವಾಗಿ ನನ್ನೆದುರು ಕೂತಳು.

"ರಘೂ, ನೀ ಅಂದದ್ದ ಖರೇ. ಹಳೇದರ ಸರಿ ಬರೂದಿಲ್ಲ ಇದು."

ನಾನು ಸುಂದರಾಬಾಯಿಯ ಕಡೆ ನೋಡಿದೆ. ಅವಳು ನೆಲ ನೋಡಿದಳು.

"ಬಣ್ಣದ್ದರಾಗ ಮೂರು ಮಂದಿ ಸತ್ರು. ಒಬ್ಬರೂ ಸತ್ತಂಗ ಅನಸಲಿಲ್ಲ. ಒಬ್ಬಾಕಿ ಅಂತೂ ಹೆರಳಿನಾಗಿನ ಹೂವ ಸೈತ ಅಲಗಾಡಲಾರದಂಗ ಸತ್ಲು. ಅಂಥಾ ಸಾವಿಗೆ ಕಾಲ ಸುದ್ದಾ ತೊಳೀಬೇಕಾಗಿಲ್ಲ. ನೀ ತಂದ ಮಾಸ್ತರ ಮಾತ್ರ, ಪಾಪ, ಖರೇನ ಸತ್ತ."

"ಕೇಳಿದೇನು?" ಎಂದು ನಾನು ಹೆಂಡತಿಗೆ ಕೂಗಿ ಹೇಳಿದೆ. ಬದುಕಿನಲ್ಲಿ ಮೊದಲ ಬಾರಿ ನನ್ನದೊಂದು ಅಭಿಪ್ರಾಯ ಮನೆಯೊಳಗೆ ಅಂಗೀಕಾರವಾಗಿತ್ತು.

"ಅದಕ್ಕ ಹೇಳ್ತೀನಿ," ಎಂದಳು ಅತ್ಯಾ, "ಇಷ್ಟ ಖರೇ ಸತ್ತಾಂವಗ ಒಂದ ದಿನದ ದೀಪ ಸಾಲೂದಿಲ್ಲ. ಹತ್ತೂ ದಿನಾ ಇಡು. ಚಾಪಿ ಇಲ್ಲೇ ಹಾಸ್ಕೋ, ಒಪ್ಪತ್ತು ಉಣ್ಣು. ಇನ್ನ ಹಳೇ ಸಿನಿಮಾ ಮನಿಗೆ ತರಬ್ಯಾಡ, ಭಾಳ ಖರೇ ಇರ್ತಾವ. ನಾವು ಟಾಕೀಜಿಗೇ ಹೋಗಿ ಬರ್ತೀವಿ."

ಪಂಥದ ಮಾತಿಗೆ ಸುಂದರಾಬಾಯಿ ತಪ್ಪಿಲ್ಲ. ಅಂದಿನಿಂದ ಬಣ್ಣದ ಸಿನಿಮಾದ ಮಾತನ್ನು ಅವಳು ಒಮ್ಮೆಯೂ ಎತ್ತಿಲ್ಲ. ಭಾನುವಾರ ಬಂತೆಂದರೆ ಸಾಕು, ಅತ್ಯಾನೇ ಎತ್ತುತ್ತಾಳೆ.