ಜೂನ್ ಒಂದರಂದು ಹುಟ್ಟಿದವರು

ಅಂದು ಮೇ ಮೂವತ್ತೊಂದು. ಕಳಸದ ಬೆಳೆಗಾರರ ಸಂಘದಲ್ಲಿ ಏಳು ವರ್ಷದಿಂದ ಹಂಗಾಮಿ ಕಂಪ್ಯೂಟರ್ ಆಪರೇಟರ್ ಆಗಿದ್ದ ಸಫ್ದರನಿಗೆ, ಸಂಜೆ ಹೆಡ್ ಕ್ಲರ್ಕ್ ಮಂಜಯ್ಯ ನಿವೃತ್ತರಾದ ಕೂಡಲೇ ಅವರ ಕುರ್ಚಿ ಕಾಯಂ ಆಗಿ ಸಿಗುವುದಿತ್ತು. ಕುರ್ಚಿ ಸಿಕ್ಕರೆ ಮಾತ್ರ ಮದುವೆ ಎಂದಿದ್ದರು ಶಬನಂಳ ಅಪ್ಪ. ಶಬನಂ ಆಗಲೇ ಆ ಕುರ್ಚಿಗೆಂದು ಕಸೂತಿ ಹಾಕಿದ ದಿಂಬೊಂದನ್ನು ಹೊಲಿದು ಕಳಿಸಿದ್ದಳು.

ಬೆಳಿಗ್ಗೆ ಅಧ್ಯಕ್ಷೆ ರಂಗಮ್ಮನವರು ಕರೆದರು. "ಸದಸ್ಯರ ಪಟ್ಟೀಲಿ ನಲವತ್ತು ಸಾವಿರ ಹೆಸರಿದೆ. ಒಬ್ರೇ ಎರಡೆರಡು ಸಲ ಸೇರ್ಕೊಂಡು ಪುಕ್ಕಟೆ ಸಸಿ ಹೊತ್ಕೊಂಡು ಹೋಗ್ತಿದಾರೆ. ಇವತ್ತೇ ಕ್ಲೀನ್ ಮಾಡು ಮಾರಾಯ."

ಸಫ್ದರ ಪಟ್ಟಿಯನ್ನು ಹೊಸ ಸಾಫ್ಟ್‌ವೇರಿಗೆ ತಿನ್ನಿಸಿದ. ಅದರ ತರ್ಕ ಸರಳ: ಹೆಸರು, ಊರು, ಹುಟ್ಟಿದ ತಾರೀಖು ಮೂರೂ ಒಂದೇ ಆದರೆ ಇಬ್ಬರೂ ಬೇರೆ ಬೇರೆಯವರಾಗಿರುವ ಸಂಭವ ನೂರಕ್ಕೆ ಒಂದೂ ಇಲ್ಲ. ಅಂಥ ಮೂರು ಸಾವಿರ ಜೋಡಿಗಳನ್ನು ಅದು ಹಿಡಿದುಕೊಟ್ಟಿತು. ಸಫ್ದರ ಜೋಡಿಗೊಬ್ಬರನ್ನು ಅಳಿಸಿ, 'ನೀವು ಬೇರೆ ವ್ಯಕ್ತಿಯಲ್ಲ, ಸದಸ್ಯತ್ವ ರದ್ದು' ಎಂದು ಮೆಸೇಜೂ ಕಳಿಸಿ ಟೀ ತರಿಸಿದ.

ಟೀ ಆರುವ ಮೊದಲೇ ಸಂಸೆಯಿಂದ ಜೀಪು ಬಂತು.

"ನಾನು ಜವರಯ್ಯ," ಎಂದರು ಇಳಿದ ಉದ್ದನೆಯ ಮುದುಕರು. ಹಿಂದಿದ್ದ ಕುಳ್ಳಗಿನವರನ್ನು ಮುಂದಕ್ಕೆ ತಳ್ಳಿದರು. "ಇವನೂ ಜವರಯ್ಯ. ನೋಡಪ್ಪ, ನಾವಿಬ್ರೂ ಒಬ್ರೇನಾ?"

"ನಂಗೆ ಹಲ್ಲಿಲ್ಲ, ಅವನಿಗಿದೆ," ಎಂದರು ಕುಳ್ಳ ಜವರಯ್ಯ.

"ಇಬ್ರೂ ಹುಟ್ಟಿದ್ದು ಒಂದೇ ವರ್ಷ, ಜೂನ್ ಒಂದಕ್ಕೇ?" ಎಂದು ಸಫ್ದರ ಕೇಳಿದ.

"ಸ್ಕೂಲು ಶುರುವಾಗೋದು ಜೂನ್ ಒಂದಕ್ಕಲ್ವ? ಅಪ್ಪಂಗೆ ತಾರೀಖು ಗೊತ್ತಿರ್ಲಿಲ್ಲ, ಮೇಷ್ಟ್ರು ಅದನ್ನೇ ಬರೆದ್ರು. ಇಡೀ ಕ್ಲಾಸಿಗೂ ಅದೇ," ಎಂದರು ಉದ್ದನೆಯ ಜವರಯ್ಯ.

ಸಫ್ದರ ಪಟ್ಟಿ ತೆಗೆದು ನೋಡಿದ. ದಿನಕ್ಕೆ ನೂರಹತ್ತು ಮಂದಿ ಹುಟ್ಟಿರಬೇಕಾದ ಲೆಕ್ಕದಲ್ಲಿ ಜೂನ್ ಒಂದರಂದೇ ಹದಿನೇಳು ಸಾವಿರ ಜನ ಹುಟ್ಟಿದ್ದರು. ಊರಿಗೆಲ್ಲ ಮೂಗಿರುವಾಗ ಮೂಗು ನೋಡಿ ಕಳ್ಳನನ್ನು ಹಿಡಿದ ಹಾಗಾಗಿತ್ತು ಅವನ ಕೆಲಸ.

ಅಷ್ಟರಲ್ಲಿ ಇನ್ನೂ ಆರು ಜೀಪು ಬಂದವು. ರಂಗಮ್ಮನವರು ಕಿಟಕಿಯಿಂದಲೇ, "ಇವ್ರೆಲ್ಲ ಸಮಾಧಾನವಾಗಿ ಮನೆಗೆ ಹೋಗೋ ತನಕ ನಿನ್ನ ಕಾಯಂ ಆರ್ಡರಿಗೆ ಸೈನ್ ಹಾಕಲ್ಲ," ಎಂದರು.

ಪಾಪ, ಸಫ್ದರ ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಅಳಿಸಿದವರನ್ನೆಲ್ಲ ಮರಳಿ ಸೇರಿಸಿದ. ಸಾಲದ್ದಕ್ಕೆ ವರದಿಯನ್ನೂ ಬರೆದ: 'ಜೂನ್ ಒಂದು ಎಂಬ ತಾರೀಖು ನಿಜವಾಗಿರುವ ಸಂಭವ ನೂರಕ್ಕೆ ಒಂದೂ ಇಲ್ಲ. ಇನ್ನು ಮುಂದೆ ಸಂಘದ ಯಾವ ಕೆಲಸಕ್ಕೂ ಅದನ್ನು ನಂಬತಕ್ಕದ್ದಲ್ಲ.' ರಂಗಮ್ಮನವರು ಅದನ್ನು ಗಟ್ಟಿಯಾಗಿ ಓದಿ ಸೀಲು ಒತ್ತಿದರು. ಜನ ಚಪ್ಪಾಳೆ ತಟ್ಟಿ ಜೀಪು ಹತ್ತಿದರು.

ಸಂಜೆ ಬೀಳ್ಕೊಡುಗೆ. ಮಂಜಯ್ಯ ಕುರ್ಚಿ ಬಿಟ್ಟೆದ್ದ ಕೂಡಲೇ ಸಫ್ದರ ಶಬನಂ ಕಳಿಸಿದ ದಿಂಬನ್ನು ಅದರ ಮೇಲಿಟ್ಟಿದ್ದ. ಶಾಲು ಹೊದ್ದ ಮಂಜಯ್ಯ ನಾಲ್ಕು ಮಾತಾಡಲು ಎದ್ದು, ಜೇಬಿನಿಂದ ಅದೇ ವರದಿಯ ಪ್ರತಿ ತೆಗೆದರು.

"ಅಮ್ಮ, ನಂದೂ ಜೂನ್ ಒಂದೇ. ಅದನ್ನ ನಂಬ್ಕೊಂಡೇ, ನಾಳೆಗೆ ಅರವತ್ತು ತುಂಬುತ್ತೆ ಅಂತ ಇವತ್ತು ಕಳಿಸ್ತಿದೀರಿ. ನಾಲ್ಕು ವರ್ಷದ ನನ್ನನ್ನ ಆರು ಅಂತ ಬರ್ಕೊಂಡಿದ್ರು ಮೇಷ್ಟ್ರು. ಇನ್ನೂ ಎರಡು ವರ್ಷ ಸರ್ವಿಸ್ ಇದೆ ನಂಗೆ."

ರಂಗಮ್ಮನವರು ಸೀಲು ನೋಡಿದರು, ಆಮೇಲೆ ಸಫ್ದರನನ್ನು ನೋಡಿದರು. "ಸೀಲು ನಂದೇ. ಬರೆದವನು ನೀನೇ," ಎಂದು ಅವನ ಆರ್ಡರನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

ಮಂಜಯ್ಯ ಶಾಲನ್ನು ಸಫ್ದರನಿಗೇ ಹೊದಿಸಿ, ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಕೂತವರು ಕೆಳಗೆ ಕೈಹಾಕಿ ದಿಂಬನ್ನು ಒತ್ತಿ ನೋಡಿದರು.

"ಯಾರು ಇಟ್ರೋ, ಒಳ್ಳೇ ಮೆತ್ತಗಿದೆ," ಎಂದರು. "ಇನ್ನೆರಡು ವರ್ಷಕ್ಕೆ ಧಾರಾಳ ಸಾಕು."