ಅಡಿಗೆಮನೆಯಲ್ಲಿ ಸೋರಿದ ಗರಗಸ

ಎಪ್ಪತ್ತೊಂದು ವರ್ಷದ ಆರ್ಲಂಡ್‌ಗೆ ಆ ಮಾರ್ಚಿನಲ್ಲಿ ಇದ್ದದ್ದು ಒಂದೇ ದೂರು. ದುಡಿಯುವಾಗ ಮಾತ್ರ ಎಣ್ಣೆ ಬಿಡಬೇಕಾದ ಗರಗಸ ಸುಮ್ಮನೆ ಕೂತಾಗಲೂ ಬಿಡುತ್ತಿತ್ತು. ಅದೂ ಅಡಿಗೆಮನೆಯ ಮೇಜಿನ ಮೇಲೆ, ಹೆಂಡತಿ ವರ್ನಾಳ ಕಣ್ಣೆದುರಿಗೆ.

ಗರಗಸವೆಂದರೆ ಕೈಯಲ್ಲಿ ಎಳೆಯುವಂಥದಲ್ಲ. ಪೆಟ್ರೋಲ್ ಕುಡಿದು ಗರ್ಜಿಸುವ, ಚಪ್ಪಟೆ ಅಲಗಿನ ಸುತ್ತ ಹಲ್ಲಿನ ಚೈನು ತಿರುಗುವ ಯಂತ್ರ. ವರ್ನಾಳ ಅಪ್ಪನ ಕಾಲದ್ದು. ಚೈನು ಕಾಯದಿರಲೆಂದು ಹೊಟ್ಟೆಯೊಳಗಿನ ಪುಟ್ಟ ಪಂಪು ಅಲಗಿಗೆ ಎಣ್ಣೆ ಹನಿಸುತ್ತದೆ. ಹಲ್ಲು ಮಸೆಯಲೆಂದು ಅದನ್ನು ಒಲೆಯ ಪಕ್ಕಕ್ಕೆ ತಂದಿಟ್ಟಾಗ ಈ ಸೋರಿಕೆ ಕಣ್ಣಿಗೆ ಬಿದ್ದಿತ್ತು.

ಮನೆಯ ಹಿಂದಿನ ಕಾಡಿನಲ್ಲಿ ಒಂದು ದೊಡ್ಡ ಮರ ಗಾಳಿಗೆ ಉರುಳಿತ್ತು. ಅಮೆರಿಕದ ಮೇನ್ ರಾಜ್ಯದ ಆ ಉತ್ತರದ ಮೂಲೆಯಲ್ಲಿ ನೆಲ ಹೆಪ್ಪುಗಟ್ಟಿರುವಾಗಲೇ ಸೌದೆ ಎಳೆದು ತರಬೇಕು. ಹಿಮ ಕರಗಿತೆಂದರೆ ಕಾಡಿನ ದಾರಿ ಕೆಸರಿನ ಹೊಂಡ. ಹಿಂದಿನ ಅಕ್ಟೋಬರಿನಲ್ಲಿ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು ಹಗುರ ಕೆಲಸ ಮಾಡಬಹುದು ಎಂದಿದ್ದರು. ಮರ ಕೊಯ್ಯುವುದು ಹಗುರ ಕೆಲಸವೆಂಬುದು ಆರ್ಲಂಡ್‌ನ ವ್ಯಾಖ್ಯಾನ. (ಅಂಥ ವ್ಯಾಖ್ಯಾನ ಯಾವ ಪುಸ್ತಕದಲ್ಲಿದೆ ಎಂದು ವರ್ನಾ ಒಮ್ಮೆ ಕೇಳಿ, ಆಮೇಲೆ ಸುಮ್ಮನಾಗಿದ್ದಳು.) ಆ ಮರ ತನ್ನ ಕೈಯಿಂದಲೇ ಮನೆಗೆ ಬಂದರೆ, ತಾನು ಇನ್ನೂ ಮೊದಲಿನ ಆರ್ಲಂಡೇ ಎಂದು ಅವನಿಗೆ ಅವನೇ ಸಾಬೀತು ಮಾಡಿಕೊಂಡ ಹಾಗೆ.

ಮೂವತ್ತೊಂದು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನು. ಯಂತ್ರಕ್ಕೆ ಸುಮ್ಮಸುಮ್ಮನೆ ಸ್ಪ್ಯಾನರ್ ಹಾಕುವ ಪೈಕಿಯವನಲ್ಲ. ಗರಗಸವನ್ನು ಒರೆಸಿ, ಒಣಗಿಸಿ, ವರ್ನಾಳ ಟಾಲ್ಕಂ ಪೌಡರನ್ನು ಅದರ ಮೈಮೇಲೆಲ್ಲ ಉದುರಿಸಿದ. ಎಣ್ಣೆ ಎಲ್ಲಿಂದ ಹೊರಟರೂ ಪೌಡರಿನಲ್ಲಿ ಗೆರೆ ಮೂಡಲೇಬೇಕು. ಗೆರೆ ಮೂಡಿತು: ಎಣ್ಣೆ ಬರುತ್ತಿದ್ದದ್ದು ಬರಬೇಕಾದ ತೂತಿನಿಂದಲೇ. ರಬ್ಬರ್ ನಳಿಕೆ ಬದಲಿಸಿದ. ಸೋರಿತು. ಪಂಪಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಬದಲಿಸಿದ. ಇನ್ನಷ್ಟು ಶ್ರದ್ಧೆಯಿಂದ ಸೋರಿತು. ಟ್ಯಾಂಕಿನೊಳಕ್ಕೆ ಗಾಳಿ ಬಿಡುವ, ಹೊರಕ್ಕೆ ಬಿಡದ ಪುಟ್ಟ ಕವಾಟವನ್ನೂ ಬದಲಿಸಿದ. ಅಡಿಯಲ್ಲಿ ರಟ್ಟು ಹಾಸಿ, ಪಕ್ಕದಲ್ಲಿ ನೋಟ್‌ಬುಕ್ ತೆರೆದು, ಗಂಟೆಗೆ ಎಷ್ಟು ಹನಿ ಎಂದು ಬರೆಯತೊಡಗಿದ.

ಸಂಜೆಯಾದರೆ ಗರಗಸ ಅಡಿಗೆಮನೆಯಲ್ಲಿರಕೂಡದೆಂಬುದು ವರ್ನಾಳ ಕಟ್ಟಳೆ. ಹಾಗಾಗಿ ದಿನವೂ ಅದನ್ನು ಹೊರಗಿನ ಕೊಟ್ಟಿಗೆಯಲ್ಲಿ ಮರದ ಹೊಟ್ಟಿನ ಮೇಲಿಟ್ಟು, ಬೆಳಿಗ್ಗೆ ಮತ್ತೆ ಹೊತ್ತು ತರುತ್ತಿದ್ದ. ಅವಳು ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತ, ಇವತ್ತೆಷ್ಟು ಹನಿ ಎಂದು ವಿಚಾರಿಸುತ್ತಿದ್ದಳು. ಒಲೆಗೆ ಸೌದೆಯನ್ನು ಧಾರಾಳವಾಗಿಯೇ ಹಾಕುತ್ತಿದ್ದಳು. ಇಷ್ಟು ವರ್ಷಗಳಲ್ಲಿ ತನ್ನ ಸಂಶೋಧನೆಯಲ್ಲಿ ಇಂಥ ಆಸಕ್ತಿ ಅವಳಿಗೆ ಬಂದದ್ದು ಇದೇ ಮೊದಲೆಂದು ಆರ್ಲಂಡ್ ಒಳಗೊಳಗೇ ಉಬ್ಬಿದ.

ಹತ್ತನೆಯ ದಿನ ಮಧ್ಯಾಹ್ನ ಚರ್ಚಿನ ಹೆಂಗಸರು ಕೌದಿ ಹೊಲಿಯಲು ಬರುವವರಿದ್ದರು. ಬೆಳಿಗ್ಗೆಯೇ ಗರಗಸವೂ ರಟ್ಟೂ ಜಗಲಿಗೆ ಹೋದವು. ಹೊರಗೆ ಮೂಗು ಮರಗಟ್ಟುವ ಚಳಿ. ಮೂರು ಗಂಟೆ ಕಳೆದು ನೋಡಿದರೆ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ.

ಆರ್ಲಂಡ್ ಜಗಲಿಯಲ್ಲೇ ನಿಂತು ನೋಟ್‌ಬುಕ್ ತಿರುವಿದ. ದಿನಾಂಕವಿತ್ತು, ಗಂಟೆಯಿತ್ತು, ಹನಿಗಳಿದ್ದವು. ಉಷ್ಣತೆ ಇರಲಿಲ್ಲ. ಉಷ್ಣತೆ ಬರೆಯದ ಮಕ್ಕಳ ಪ್ರಯೋಗದ ಪುಸ್ತಕವನ್ನು ಅವನು ಮೂವತ್ತೊಂದು ವರ್ಷ ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದ. ಕೊಟ್ಟಿಗೆಯ ಚಳಿಯಲ್ಲಿ ಟ್ಯಾಂಕು ತಣ್ಣನೆ ಗಾಳಿ ಎಳೆದುಕೊಳ್ಳುತ್ತದೆ. ಒಲೆಯ ಪಕ್ಕ ಆ ಗಾಳಿ ಹಿಗ್ಗಿ ಎಣ್ಣೆಯನ್ನು ನೂಕುತ್ತದೆ. ಯಂತ್ರದಲ್ಲಿ ಯಾವ ರೋಗವೂ ಇರಲಿಲ್ಲ.

ಒಳಗೆ ಹೋಗಿ ಅದನ್ನೆಲ್ಲ ವರ್ನಾಳಿಗೆ ಕ್ರಮವಾಗಿ ವಿವರಿಸಿದ. ಅವಳು ಹೆಣಿಗೆಯಿಂದ ತಲೆ ಎತ್ತಲಿಲ್ಲ.

"ಅಪ್ಪ ಒಳಗೆ ತರೋಕೆ ಮುಂಚೆ ಎಣ್ಣೆ ಮುಚ್ಚಳಾನ ಅರ್ಧ ಸುತ್ತು ಸಡಿಲ ಮಾಡೋರು. ಉಸಿರು ಬಿಟ್ಕೊಳ್ಲಿ ಅಂತ."

"ನಿಂಗೆ ಗೊತ್ತಿತ್ತಾ?"

"ಏಳು ವರ್ಷದವಳಿದ್ದಾಗಿಂದ."

"ಮತ್ತೆ ಒಂಬತ್ತು ದಿನ ಹನಿ ಎಣಿಸ್ತಾ ಕೂತಿದ್ನಲ್ಲ ವರ್ನಾ, ಒಂದು ಮಾತು ಹೇಳಬಾರ್ದಿತ್ತಾ?"

ವರ್ನಾ ಸೂಜಿ ಕೆಳಗಿಟ್ಟಳು. "ಒಂಬತ್ತು ದಿನ ನೀನು ನನ್ನ ಕಣ್ಣೆದುರಿಗೆ ಕೂತಿದ್ದೆ. ಕಾಡಲ್ಲಿ ಒಬ್ಬನೇ ಇರಲಿಲ್ಲ."

ಆರ್ಲಂಡ್ ನೋಟ್‌ಬುಕ್ ಮುಚ್ಚಿದ. ನಾಳೆ ಬೆಳಿಗ್ಗೆಯೇ ಮರಕ್ಕೆ ಹೋಗುತ್ತೇನೆ, ಬೇಕಾದರೆ ನೀನೂ ಬಾ, ದಿಮ್ಮಿಯ ಮೇಲೆ ಕೂತು ನನ್ನನ್ನೇ ನೋಡುತ್ತಿರು ಎಂದು ಮೆಲ್ಲಗೆ ಹೇಳಿದ. ಕಾಫಿ ಫ್ಲಾಸ್ಕು ನಾನೇ ಹೊರುತ್ತೇನೆ ಎಂದೂ ಸೇರಿಸಿದ. ಅವಳು ಒಪ್ಪಿದಳು; ಅನುಮಾನ ಬರುವಷ್ಟು ಬೇಗ ಒಪ್ಪಿದಳು.

ಆಗ ಜಗಲಿಯಲ್ಲಿ ಟಪ್ ಎಂದಿತು. ಮತ್ತೊಮ್ಮೆ ಟಪ್. ಆರ್ಲಂಡ್ ನೋಟ್‌ಬುಕ್ ಹಿಡಿದೇ ಹೊರಗೆ ಓಡಿದ. ರಟ್ಟಿನ ನಡುವೆ ದೊಡ್ಡ ಒದ್ದೆ ಗುರುತು. ಬೆರಳಿನಲ್ಲಿ ಮುಟ್ಟಿ ನೋಡಿದ; ನೀರು. ದಕ್ಷಿಣದ ಬೆಚ್ಚನೆಯ ಗಾಳಿ ಬೀಸತೊಡಗಿತ್ತು. ಸೂರಿನ ಹಿಮವೆಲ್ಲ ಸಾಲಾಗಿ ಹನಿಯುತ್ತಿತ್ತು, ಕಾಡಿನ ದಾರಿ ಆಗಲೇ ಕಂದು ಬಣ್ಣಕ್ಕೆ ತಿರುಗತೊಡಗಿತ್ತು. ಮರ ಇನ್ನು ಮುಂದಿನ ಚಳಿಗಾಲದವರೆಗೆ ಅಲ್ಲಿಯೇ.

"ವಾರವೆಲ್ಲ ಮಳೆ ಅಂತ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ರು," ಎಂದು ವರ್ನಾ ಒಳಗಿನಿಂದ ಕೂಗಿ ಹೇಳಿದಳು. "ಆ ಸೋರಿಕೆಗೆ ಗ್ಯಾಸ್ಕೆಟ್ ಸಿಗಲ್ಲ ಕಣೋ. ಬಾ, ಕಾಫಿ ಆರ್ತಿದೆ."