ನಮ್ಮ ಮನೆಯ ಇಬ್ಬರು ಅಧ್ಯಕ್ಷರು

ಅಧಿಕಾರ ಬಂದರೆ ಮನುಷ್ಯ ಬದಲಾಗುತ್ತಾನೆ ಎನ್ನುತ್ತಾರೆ. ಸುಳ್ಳಲ್ಲ. ನಾನು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾದ ಮೇಲೆ ನಮ್ಮ ಯಜಮಾನರು ಪೂರ್ತಿ ಬದಲಾದರು. ಲುಂಗಿ ಬನಿಯನ್ನಿನಲ್ಲೇ ಅರ್ಧ ದಿನ ಕಳೆಯುತ್ತಿದ್ದವರು ಬೆಳಿಗ್ಗೆಯೇ ಗರಿಗರಿ ಬಿಳಿ ಅಂಗಿ ತೊಟ್ಟು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಅವರದೊಬ್ಬರದೇ ತಪ್ಪಲ್ಲ. ನಮ್ಮ ಸೀಮೆಯಲ್ಲಿ ಮಹಿಳಾ ಮೀಸಲಾತಿ ಎಂದರೆ ಹೆಸರು ಹೆಂಡತಿಯದು, ಕುರ್ಚಿ ಗಂಡನದು. ನಾನು ಅಧ್ಯಕ್ಷೆಯಾದ ದಿನ ಹಾರ ಹಿಡಿದು ಬಂದವರು ನನ್ನನ್ನು ದಾಟಿಕೊಂಡು ಹೋಗಿ ಯಜಮಾನರ ಕೊರಳಿಗೆ ಹಾಕಿದರು. ಇವರೂ ಸಂಕೋಚವಿಲ್ಲದೆ ಕೊರಳು ಬಗ್ಗಿಸಿದರು. ಆಮೇಲೆ ಭಾರವಾಯಿತೆಂದು ಹಾರ ತೆಗೆದು ಹಿಡಿದುಕೊಳ್ಳಲು ನನಗೆ ಕೊಟ್ಟರು.

ನಾನೋ ಹೊನ್ನಾಳಿಯ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿ ತಲೆ ನರೆಸಿಕೊಂಡವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಸರ್ಕಾರವೆಂದರೆ ಸ್ವಲ್ಪ ದೊಡ್ಡ ಹಾಸ್ಟೆಲು, ಅಷ್ಟೇ ಎಂಬುದು ನನ್ನ ರಾಜಕೀಯ ಸಿದ್ಧಾಂತ.

ಒಂದು ಬೆಳಿಗ್ಗೆ ಕೆರೆ ಕಡೆಯ ಬೀದಿಯ ಹಾಲಮ್ಮ ಖಾಲಿ ಕೊಡ ಹಿಡಿದೇ ಬಂದಳು.

“ಅಕ್ಕಾರೇ, ಅಧ್ಯಕ್ಷರು ಎದ್ದಾರೇನ್ರೀ?”

“ಎದ್ದು ನಿನ್ನ ಮುಂದೇ ನಿಂತಿದ್ದಾರಲ್ಲ.”

ಪಾಪ, ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು. “ಇಲ್ಲಲ್ರೀ! ಅಣ್ಣಾರಿಗೆ ಹೇಳ್ರಿ, ನಮ್ಮ ಬೋರಿನ ಮೋಟ್ರು ಸುಟ್ಟೈತೆ. ನಾಳೆ ಮಾಡಿಸ್ತೀನಿ, ನಾಳೆ ಮಾಡಿಸ್ತೀನಿ ಅಂತಾರೆ. ಮನೇಲಿ ಸೊಸೆ ಬಾಣಂತಿ, ನೀರು ಕಾಸಾಕೆ ತೊಟ್ಟು ನೀರಿಲ್ಲ.”

ಕಣ್ಣೆದುರಿಗೆ ಸಮುದ್ರದಂಥ ಸೂಳೆಕೆರೆ, ಕೊಡದಲ್ಲಿ ಮಾತ್ರ ಗಾಳಿ! ಒಳಗೆ ಹೋಗಿ ಯಜಮಾನರನ್ನು ಕೇಳಿದೆ, “ಮೋಟಾರು ಸುಟ್ಟಿದ್ದನ್ನ ಯಾರಿಗೆ ಹೇಳಿದ್ರಿ?”

“ಅದು... ಅಧ್ಯಕ್ಷರಿಗೆ ಹೇಳಬೇಕಿತ್ತು.”

“ಯಾರಪ್ಪಾ ಅವರು?”

ಯಜಮಾನರು ಅಂಗಿಯ ಗುಂಡಿ ಸರಿಮಾಡಿಕೊಂಡರು.

ಅವತ್ತೇ ರಿಪೇರಿಯವರನ್ನು ಕರೆಸಿ, ಪಂಚಾಯ್ತಿಯಲ್ಲಿ ಸುಮ್ಮನೆ ಬಿದ್ದಿದ್ದ ಇನ್ನೊಂದು ಮೋಟಾರನ್ನು ಬೋರಿಗೆ ಇಳಿಸಿದೆ. ಮುಗಿಯುವ ತನಕ ಬಿಸಿಲಲ್ಲಿ ಅಲ್ಲೇ ನಿಂತೆ. ನೀರು ಬಂತು, ಜೊತೆಗೆ ಜಗಳವೂ ಬಂತು. ಹಳೆಯ ಚಾಳಿ ಬಿಡುತ್ತದೆಯೇ? “ಸಾಲು!” ಎಂದು ಕೂಗಿದೆ. ಬೀದಿ ಗಪ್ಪಾಯಿತು. ಬಾಣಂತಿ ಮನೆಯ ಕೊಡ ಮೊದಲು, ಉಳಿದವರು ಕುಳ್ಳಗಿನವರಿಂದ ಎತ್ತರದವರ ತನಕ, ಮಾತಾಡಿದವರು ಕೊನೆಗೆ. ಹಾಲಮ್ಮ ತುಂಬಿದ ಕೊಡ ಹೊತ್ತು, ತುಟಿ ಬಿಚ್ಚದೆ, ಕಣ್ಣಲ್ಲೇ ಕೈಮುಗಿದು ಹೋದಳು.

ಇನ್ನು ಊರಿಗೆಲ್ಲ ನಾನು ಯಾರೆಂದು ತಿಳಿಯಿತು, ಜನ ನೇರವಾಗಿ ನನ್ನ ಬಳಿಗೇ ಬರುತ್ತಾರೆ ಎಂದುಕೊಂಡು ಮರುದಿನ ಕಚೇರಿಯಲ್ಲಿ ಕೂತೆ. ಒಂದು ನರಪಿಳ್ಳೆಯೂ ಬರಲಿಲ್ಲ. ಬೇಸತ್ತು ಮನೆಗೆ ಬಂದರೆ ಜಗಲಿ ತುಂಬ ಜನ! ಹಿತ್ತಲಿಂದ ಒಳಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

“ಅಣ್ಣಾರೇ, ನೀವೇ ಒಂದು ಮಾತು ಹೇಳ್ರಿ. ಅಕ್ಕಾರ ಮುಂದೆ ನಿಂತು ಮಾತಾಡಾಕೆ ನಮಗೆ ಭಯ.”

“ನನಗೇನು ಧೈರ್ಯ ಐತೆ ಅಂದ್ಕೊಂಡ್ರೇನ್ರಪ್ಪಾ?” ಎಂದರು ಯಜಮಾನರು.

ಪ್ರಜಾಪ್ರಭುತ್ವದಲ್ಲಿ ಪ್ರಜೆಗಳು ಹೀಗೆ ಹೆದರಬಾರದು, ನನಗೆ ದುಃಖವಾಗಬೇಕಿತ್ತು. ನಿಜ ಹೇಳುತ್ತೇನೆ, ಎಲ್ಲೋ ಒಂದು ಕಡೆ ಹಿತವಾಯಿತು. ಆದರೂ ಇವತ್ತು ಮೆತ್ತಗೆ ಮಾತಾಡಿಸೋಣ ಎಂದು ನಿರ್ಧರಿಸಿ, ಮುಖದ ಮೇಲೆ ನಗು ತಂದುಕೊಂಡು ಹೊರಗೆ ಬಂದೆ.

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲೇ ಎಲ್ಲರೂ ಎದ್ದು ಸಾಲಾಗಿ ನಿಂತುಬಿಟ್ಟರು. ನಮ್ಮ ಯಜಮಾನರು ಕುಳ್ಳಗೆ. ಎಲ್ಲರಿಗಿಂತ ಮುಂದೆ ನಿಂತಿದ್ದರು.